ರೈಲ್ವೆ ಪಿಯಾನೋ ಮತ್ತು ನನ್ನ ಕಿವಿ

ಹೋದ ತಿಂಗಳು ಹುಬ್ಬಳ್ಳಿಯಲ್ಲಿ ತಂಗಿಯ ಮಗನ ಮನೆಗೆ ಹೋಗಿದ್ದೆ. ಪಡಸಾಲೆಯಲ್ಲಿ ಹುಡುಗರು ಕೇರಂ ಆಡುತ್ತಿದ್ದರು. ಒಬ್ಬ ಹಲಗೆಯ ಮೇಲೆ ಬೋರಿಕ್ ಪುಡಿ ಉದುರಿಸಿ ಅಂಗೈಯಿಂದ ಸವರಿದ. ಆ ಪುಡಿ ಮೂಗಿಗೆ ಬಡಿದದ್ದೇ ತಡ, ಮೂಗಿಗೆ ಸೆರಗು ಹಿಡಿದು ಹೊರಗಿನ ಕಟ್ಟೆಗೆ ಎದ್ದು ಹೋದೆ. ಅಜ್ಜಿಗೆ ಪಿತ್ತ ಏರಿದೆ ಎಂದು ಲಿಂಬಿ ಶರಬತ್ತು ತಂದುಕೊಟ್ಟರು. ಕುಡಿದೆ. ಅದು ಪಿತ್ತವಲ್ಲ ಎಂದು ಆ ಹುಡುಗರಿಗೆ ಹೇಗೆ ಹೇಳುವುದು? ರೈಲ್ವೆ ಕಾಲನಿಯ ಕ್ಲಬ್ಬಿನಲ್ಲಿ ಶನಿವಾರದ ಡಾನ್ಸಿಗೆ ಮೊದಲು ಕಟ್ಟಿಗೆಯ ನೆಲಕ್ಕೆ ಬೂಟು ಜಾರಲೆಂದು ಇದೇ ಪುಡಿ ಉದುರಿಸುತ್ತಿದ್ದರು. ನಾನು ಒಂದು ವರ್ಷ ಆ ಪುಡಿಯನ್ನು ಉಸಿರಾಡುತ್ತ ಹಾಡಿದವಳು. ಊರಿನಲ್ಲಿ ನನಗೆ ಬೇಸೂರು ಗಂಗಾ, ಅಪಸ್ವರದ ಗಂಗಾ, ಎಂಬ ಹೆಸರು ಬಿದ್ದದ್ದೂ ಅದೇ ವರ್ಷ.

ಗೋವೆ ನಮ್ಮ ದೇಶಕ್ಕೆ ಸೇರಿದ ಮರುವರ್ಷ ಅದು. ನಾನು ಧಾರವಾಡದ ಕಾಲೇಜಿನಲ್ಲಿ ಬಿ.ಎಸ್ಸಿ. ಕೊನೆಯ ವರ್ಷದಲ್ಲಿದ್ದೆ. ಅಪ್ಪ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್, ಸಂಜೆ ಕ್ಲಬ್ಬಿನ ಬ್ಯಾಂಡಿನಲ್ಲಿ ಕ್ಲಾರಿನೆಟ್. ನನ್ನ ಅಜ್ಜ ಮಂದಿಯ ಮದುವೆಗಳಲ್ಲಿ ಹಂದರದ ಹೊರಗೆ, ಚಪ್ಪಲಿ ಬಿಡುವ ಜಾಗದಲ್ಲಿ ನಿಂತು ಸನಾದಿ ಊದುತ್ತಿದ್ದ. ಅಜ್ಜನ ಅಣ್ಣತಮ್ಮಂದಿರು ಹಲಗೆ ಬಾರಿಸುತ್ತಿದ್ದರು. ಅವರಿಗೆ ಊಟವನ್ನು ಮೇಲಿನಿಂದ ಧೋತರದ ಸೆರಗಿಗೆ ಹಾಕುತ್ತಿದ್ದರಂತೆ. ಅಪ್ಪ ಅದನ್ನೆಲ್ಲ ಬಿಟ್ಟು ಬಂದು ರೈಲ್ವೆ ಸೇರಿ, ಮನೆಯ ಗೋಡೆಗೆ ಬುದ್ಧನ ಪಟ ಹಾಕಿ, ಎಲ್ಲಕ್ಕಿಂತ ಮುಖ್ಯವಾಗಿ, ಕುರ್ಚಿಯ ಮೇಲೆ ಕೂತು ವಾದ್ಯ ನುಡಿಸುವವನಾದ. ಆ ಕುರ್ಚಿಯ ಬಗ್ಗೆ ಅವನಿಗಿದ್ದ ಹೆಮ್ಮೆ ಅಷ್ಟಿಷ್ಟಲ್ಲ. ಕುರ್ಚಿಯ ಬೆನ್ನಿಗೆ ಅಪ್ಪನ ಕೋಟು ತೂಗುತ್ತಿದ್ದರೆ ಅವ್ವ ಅದನ್ನು ನೋಡಲೆಂದೇ ಕ್ಲಬ್ಬಿನ ಕಿಟಕಿಯವರೆಗೆ ಹೋಗಿ ಬರುತ್ತಿದ್ದಳು.

ಬ್ಯಾಂಡಿನ ವಾದ್ಯಗಳೆಲ್ಲ ಬಿಳಿಯರು ಬಿಟ್ಟುಹೋದವು. ಪಿಯಾನೋ ಕೂಡ. ಅಪ್ಪನ ಕ್ಲಾರಿನೆಟ್ಟಿನ ಮೈಮೇಲೆ ಎಚ್.ಪಿ. ಎಂದು ಕೊರೆದಿತ್ತು. ವರ್ಕ್‌ಶಾಪಿನ ಮನುಷ್ಯನಾದ ಅಪ್ಪ ಅದನ್ನು ಹಾರ್ಸ್ ಪವರ್ ಎಂದು ಓದಿ, ಬಂದವರಿಗೆಲ್ಲ ಹೇಳಿ ನಗಿಸುತ್ತಿದ್ದ. ನಾನು ತೊಟ್ಟಿಲಿನಲ್ಲಿದ್ದಾಗಿನಿಂದ ಕೇಳಿದ್ದು ಆ ಕ್ಲಾರಿನೆಟ್. ನಡೆಯಲು ಕಲಿತ ಮೇಲೆ ಕೇಳಿದ್ದು ಕ್ಲಬ್ಬಿನ ಪಿಯಾನೋ. ಯಾವ ಸ್ವರವಾದರೂ ಸರಿ, ಯಾರೂ ಹಿಡಿದು ಕೊಡದೆ ನನ್ನ ಗಂಟಲಿಗೆ ಬರುತ್ತಿತ್ತು. ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಅಪ್ಪನ ಕ್ಲಾರಿನೆಟ್ಟಿನ ಸ್ವರವನ್ನೇ ಸರಿಯಾಗಿ ಹಾಡುತ್ತಿದ್ದೆ. ನೆರೆಯವರು ನನ್ನನ್ನು ಪರೀಕ್ಷೆ ಮಾಡಿ ಚಪ್ಪಾಳೆ ತಟ್ಟುತ್ತಿದ್ದರು. ಒಂದೇ ತಕರಾರೆಂದರೆ, ರೇಡಿಯೋದ ಹಾಡುಗಳು ನನಗೆ ಯಾವಾಗಲೂ ತುಸು ಕೆಳಗೆ ಕೂತಂತೆ ಕೇಳುತ್ತಿದ್ದವು. ರೇಡಿಯೋ ಹಳೆಯದು, ಸೊರಗಿದೆ ಎಂದುಕೊಂಡಿದ್ದೆ.

ಮುಂಗಾರಿನ ಮಿರಗದ ಮಳೆ ಹಿಡಿದ ವಾರ ಕಾಯ್ತಾನ ಮಾಸ್ತರ ಬಂದ. ಆಗ ಮಾಸ್ತರ, ಮಾಸ್ತರ ಎಂದು ಬಹುವಚನದಲ್ಲೇ ಕರೆಯುತ್ತಿದ್ದೆ. ಈಗ ಬರೆಯುವಾಗ ಏಕವಚನ ಸಾಕು. ಗೋವೆಯ ಮೂಲದವನು, ಹುಟ್ಟಿ ಬೆಳೆದದ್ದು ನಮ್ಮದೇ ರೈಲ್ವೆ ಕ್ವಾರ್ಟರ್ಸಿನಲ್ಲಿ. ಹರೆಯದಲ್ಲಿ ಮುಂಬಯಿಗೆ ಓಡಿಹೋಗಿ ದೊಡ್ಡ ಹೊಟೇಲುಗಳಲ್ಲಿ ಸ್ಯಾಕ್ಸೊಫೋನ್ ಊದಿದ್ದ. ಅಲ್ಲಿ ದಾರೂಬಂದಿಯಾಗಿ, ಕುಡಿತಕ್ಕೆ ನಿಷೇಧ ಬಿದ್ದು, ಹೊಟೇಲಿನ ಬ್ಯಾಂಡುಗಳು ಸೊರಗಿದ ಮೇಲೆ, ನಲವತ್ತರ ಹೊಸ್ತಿಲಲ್ಲಿ, ಒಂದು ಟ್ರಂಕು ಮತ್ತು ಹಾವಿನಂತೆ ಮಿನುಗುವ ಆ ವಾದ್ಯ ಹಿಡಿದು ವಾಪಸು ಬಂದಿದ್ದ. ಕ್ಲಬ್ಬಿನವರು ಅವನನ್ನು ಬ್ಯಾಂಡಿನ ಮುಖ್ಯಸ್ಥನನ್ನಾಗಿ ಮಾಡಿದರು.

ಅವನು ಊದುವುದನ್ನು ಮೊದಲ ಸಲ ಕೇಳಿದ ಸಂಜೆ ನನಗೆ ಮನೆಗೆ ಹೋಗುವುದು ಬೇಡವಾಗಿತ್ತು. ಇದನ್ನು ಮುಚ್ಚಿಡುವುದಿಲ್ಲ. ಅವನು ಕೆಟ್ಟವನು, ಊದುತ್ತಿದ್ದದ್ದು ಮಾತ್ರ ಹಾಗಿರಲಿಲ್ಲ. ಆದರೆ ಮೊದಲ ದಿನವೇ ಅವನು ಸಿಡಿಮಿಡಿಗೊಂಡಿದ್ದ. ಸ್ಯಾಕ್ಸೊಫೋನಿನ ಮೌತ್‌ಪೀಸನ್ನು, ಅಂದರೆ ಬಾಯಿಗಿಟ್ಟು ಊದುವ ಕರಿ ತುಂಡನ್ನು, ಒಳಗೆ ಒತ್ತಿ ಒತ್ತಿ ಸಾಕಾಗಿ, ಮರುದಿನ ಅದನ್ನು ಅಪ್ಪನ ಕೈಗಿಟ್ಟು, ಇದರ ಹಿಂಬದಿಯನ್ನು ಬೆರಳಗಲ ಕೊಯ್ದು ಗಿಡ್ಡ ಮಾಡಿ ತಾ ಎಂದ. ಅಪ್ಪ ವರ್ಕ್‌ಶಾಪಿನಲ್ಲಿ ಅದನ್ನು ನಾಜೂಕಾಗಿ ಕೊಯ್ದು, ಉಜ್ಜಿ, ನುಣುಪು ಮಾಡಿ ಕೊಟ್ಟ. ಯಾಕೆಂದು ಕೇಳಲಿಲ್ಲ. ಉದ್ದನೆಯ ಇನ್ನೊಂದು ಮೌತ್‌ಪೀಸು ಅವನ ಪೆಟ್ಟಿಗೆಯಲ್ಲಿ ಬಟ್ಟೆ ಸುತ್ತಿಕೊಂಡು ಮಲಗಿತ್ತು.

ಕಾಯ್ತಾನ ಒಂದು ಸಂಜೆ ನನ್ನನ್ನು ಪಿಯಾನೋದ ಹತ್ತಿರ ನಿಲ್ಲಿಸಿ, ಮುಖ ಗೋಡೆಗೆ ತಿರುಗಿಸಿ, ಹತ್ತಾರು ಸ್ವರ ಹಾಡಿಸಿದ. ಪ್ರತಿಯೊಂದನ್ನೂ ಪಿಯಾನೋದ ಮೇಲೆ ತಾಳೆ ನೋಡಿದ. ಒಂದೂ ತಪ್ಪಲಿಲ್ಲ. ಅವನು ಸಿಗರೇಟು ಆರಿಸಿ ಅಪ್ಪನ ಕಡೆ ನೋಡಿ, ಈ ಹುಡುಗಿಯನ್ನು ಕಟ್ಟಿಕೊಂಡು ಒಂದು ಪ್ಲೇಟು ಮಾಡುತ್ತೇನೆ ಎಂದ. ಗ್ರಾಮೊಫೋನಿನ ದೊಡ್ಡ ಪ್ಲೇಟು, ಎರಡೂ ಬದಿ ಸೇರಿ ಎಂಟು ಹಾಡು, ಕವರಿನ ಮೇಲೆ ಇಬ್ಬರ ಮುಖ. ಮುಂಬಯಿಯ ಒಂದು ಸಣ್ಣ ಕಂಪನಿಯವರ ಪರಿಚಯ ಅವನಿಗಿತ್ತು. ಇಂಗ್ಲಿಷ್ ಡಾನ್ಸ್ ಹಾಡು ಆರು, ಅವನದೇ ರಾಗಕ್ಕೆ ಕನ್ನಡದ್ದು ಎರಡು. ಕನ್ನಡದ ಮಾತುಗಳನ್ನು ನಾನೇ ಬರೆದೆ.

ಆ ಎರಡರಲ್ಲಿ ಒಂದು, ಉಣಕಲ್ಲಿನ ಕೆರೆ ದಾಟಿ ಸಿಗ್ನಲ್ಲಿಗಾಗಿ ಕಾಯುತ್ತ ನಿಲ್ಲುವ ಗಾಡಿಯ ಹಾಡು. ದಿನಾ ಧಾರವಾಡಕ್ಕೆ ಹೋಗಿಬರುವಾಗ ಅಲ್ಲಿ ನಿಂತೇ ನಿಲ್ಲುತ್ತಿತ್ತು. ಜಿಟಿಜಿಟಿ ಮಳೆ, ಬೋಗಿಯ ತುಂಬ ಒದ್ದೆ ಛತ್ರಿಗಳ ವಾಸನೆ, ಹೊರಗೆ ಎರೆಭೂಮಿಯ ರಾಡಿಯಲ್ಲಿ ಹೂತ ಎಮ್ಮೆಗಳು. ‘ನಿಂತ ಗಾಡಿಗೆ ಊರು ಯಾವುದು’ ಎಂದು ಶುರುವಾಗುವ ಮೊದಲ ಎರಡು ಸಾಲನ್ನು ನಾನೊಬ್ಬಳೇ ಹಾಡಬೇಕು, ಯಾವ ವಾದ್ಯವೂ ಇಲ್ಲದೆ. ಮೂರನೆಯ ಸಾಲಿಗೆ ಬ್ಯಾಂಡು ಒಟ್ಟಿಗೆ ಬಂದು ನನ್ನನ್ನು ಕೂಡಿಕೊಳ್ಳುತ್ತದೆ. ಮೊದಲೇ ಸ್ವರ ಹಿಡಿದುಕೊಡದೆ ಇದನ್ನು ಹಾಡುವವರು ಮುಂಬಯಿಯಲ್ಲೂ ಇಲ್ಲ ಎಂದು ಅವನೇ ಹೇಳುತ್ತಿದ್ದ. ಬ್ಯಾಂಡು ಬಂದು ಕೂಡುವ ಆ ಕ್ಷಣಕ್ಕೆ ಕ್ಲಬ್ಬಿನ ಮಂದಿ ಕೈಯಲ್ಲಿದ್ದ ಗ್ಲಾಸು ಕೆಳಗಿಡುತ್ತಿದ್ದರು.

ಮಳೆಗಾಲ ಪೂರ್ತಿ ಅವನು ನನ್ನನ್ನು ಅರೆದ. ಮೆಚ್ಚುಗೆಯ ಮಾತನ್ನು ಅಪ್ಪನಿಗೆ ಹೇಳುತ್ತಿದ್ದ, ಬೈಗುಳವನ್ನು ನನಗೆ. ನನ್ನ ಇಂಗ್ಲಿಷಿನಲ್ಲಿ ಜೋಳದ ರೊಟ್ಟಿಯ ವಾಸನೆ ಬರುತ್ತದೆ ಎಂದು ಬ್ಯಾಂಡಿನವರೆಲ್ಲರ ಮುಂದೆ ಹೇಳಿ, ಎಲ್ಲರೂ ನಕ್ಕಾದ ಮೇಲೆ ಅದೇ ಶಬ್ದವನ್ನು ನನ್ನಿಂದ ಮತ್ತೆ ಮತ್ತೆ ಹೇಳಿಸುತ್ತಿದ್ದ. ಕಣ್ಣಲ್ಲಿ ನೀರು ಬಂದರೆ ಬ್ಯಾಂಡು ನಿಲ್ಲಿಸಿ, ನೀರು ಆರುವ ತನಕ ಎಲ್ಲರನ್ನೂ ಸುಮ್ಮನೆ ಕೂರಿಸಿ ಕಾಯುತ್ತಿದ್ದ. ಅದು ಬೈಗುಳಕ್ಕಿಂತ ಕೆಟ್ಟದು. ನಾನು ಸಹಿಸಿದೆ. ಯಾಕೆಂದರೆ ನನಗೆ ಆ ಪ್ಲೇಟು ಬೇಕಿತ್ತು. ಅಪ್ಪನ ಕುರ್ಚಿಗಿಂತ ದೊಡ್ಡದೊಂದು ನನಗೆ ಬೇಕಿತ್ತು. ಹಂದರದ ಹೊರಗೆ ನಿಂತು ಊದಿದವನ ಮೊಮ್ಮಗಳ ದನಿಯನ್ನು ಮಂದಿ ತಮ್ಮ ಪಡಸಾಲೆಯೊಳಗೆ, ಗಾದಿಯ ಮೇಲೆ ಕೂತು ಕೇಳಬೇಕು ಎಂದಿತ್ತು. ಇಪ್ಪತ್ತು ವರ್ಷದ ಹುಡುಗಿಯ ಸೊಕ್ಕು ಎನ್ನಿ ಬೇಕಾದರೆ.

ದೀಪಾವಳಿ ಮುಗಿದು ಚಳಿ ಬೀಳುವ ಹೊತ್ತಿಗೆ ಕರೆ ಬಂತು. ಮಾಸ್ತರ, ನಾನು, ನನ್ನ ಜೊತೆಗೆಂದು ಅಪ್ಪ, ಮೂವರೂ ಹೊರಟೆವು. ಬ್ಯಾಂಡಿನ ಉಳಿದವರಿಗೆ ಕಂಪನಿಯಿಂದ ಕರೆಯಿರಲಿಲ್ಲ, ಅಲ್ಲಿ ಅವರದೇ ವಾದ್ಯದವರಿದ್ದರು. ಪುಣೆಯಲ್ಲಿ ಗಾಡಿ ಬದಲಿಸಿದೆವು. ಅವ್ವ ಕಟ್ಟಿಕೊಟ್ಟ ಶೇಂಗಾ ಹೋಳಿಗೆಯನ್ನು ಕಾಯ್ತಾನ ಬೇಡವೆಂದ. ಹೊಟ್ಟೆ ಸರಿಯಿಲ್ಲ ಎಂದವನು ಮುಂದಿನ ನಿಲ್ದಾಣದಲ್ಲಿ ಇಳಿದು ಬ್ರೆಡ್ಡು ಆಮ್ಲೇಟು ತಿಂದ. ಅಪ್ಪ ಅದನ್ನು ನೋಡಲಿಲ್ಲ, ಅಥವಾ ನೋಡದವನಂತೆ ಕೂತ.

ಸ್ಟುಡಿಯೋದ ಗೋಡೆಗಳಿಗೆಲ್ಲ ಗೋಣಿ ಬಟ್ಟೆ ಹೊಡೆದಿದ್ದರು. ಸದ್ದು ಬರುತ್ತದೆಂದು ಫ್ಯಾನು ಬಂದ್ ಮಾಡಿದರು. ಗಾಜಿನ ಆಚೆ ರೆಕಾರ್ಡಿಂಗಿನ ಸಾಹೇಬ, ಅವನ ಹಿಂದೆ ಗೋಡೆಗೆ ಅಂಟಿಕೊಂಡು ಅಪ್ಪ. ಕಾಯ್ತಾನ ಪೆಟ್ಟಿಗೆ ತೆಗೆದು, ಬಟ್ಟೆ ಬಿಚ್ಚಿ, ಉದ್ದನೆಯ ಮೌತ್‌ಪೀಸನ್ನು ಸ್ಯಾಕ್ಸೊಫೋನಿಗೆ ಸಿಕ್ಕಿಸಿದ. ನಾನು ನೋಡಿದೆ. ಹೊಸ ಜಾಗಕ್ಕೆ ಹೊಸದು ಹಾಕಿದ್ದಾನೆ ಎಂದುಕೊಂಡೆ. ಕೆಂಪು ದೀಪ ಹತ್ತಿತು. ಗಾಡಿಯ ಹಾಡೇ ಮೊದಲು. ನನ್ನ ಎರಡು ಸಾಲು ಹಾಡಿದೆ, ಜೀವಮಾನದಲ್ಲೇ ಅಷ್ಟು ಛಲೋ ಹಾಡಿರಲಿಲ್ಲ. ಮೂರನೆಯ ಸಾಲಿಗೆ ಬ್ಯಾಂಡು ಬಂತು. ಹಲ್ಲಿಗೆ ಕಲ್ಲು ಸಿಕ್ಕಂತಾಯಿತು. ನಾನು ಎಲ್ಲೋ, ಅವರು ಎಲ್ಲೋ. ಪಿಯಾನೋದವನು ಕೈ ಎತ್ತಿ ನನ್ನ ಕಡೆ ನೋಡಿದ.

ಮತ್ತೆ ಹಾಡಿದೆ, ಮತ್ತೆ ಅದೇ. ಹುಡುಗಿ ಮೇಲೆ ಹೋಗುತ್ತಿದ್ದಾಳೆ ಎಂದು ಸಾಹೇಬ ಗಾಜಿನ ಆಚೆಯಿಂದ ಹಿಂದಿಯಲ್ಲಿ ಹೇಳಿದ. ಕೊನೆಗೆ ಪಿಯಾನೋದವನೇ ಪಾಪ ಎನಿಸಿ ಮೊದಲೇ ಸ್ವರ ಹಿಡಿದು ಕೊಟ್ಟ. ಅದನ್ನು ಹಿಡಿದು ಶುರು ಮಾಡಿದೆ. ಎರಡನೆಯ ಸಾಲಿಗೆ ನನ್ನ ಗಂಟಲು ತಾನಾಗಿಯೇ ತನ್ನ ಮನೆಗೆ ಏರಿಬಿಟ್ಟಿತ್ತು. ಬ್ಯಾಂಡು ಮುಂದಾಗಿ ನುಡಿಸುವ ಇಂಗ್ಲಿಷ್ ಹಾಡು ಹಿಡಿದರೂ ಅಷ್ಟೇ, ಉದ್ದ ಸ್ವರ ಬಂದಾಗಲೆಲ್ಲ ಮೇಲೆ ಜಾರುತ್ತಿದ್ದೆ. ನನ್ನ ಕಿವಿಗೆ ನಾನು ಸರಿ ಇದ್ದೆ, ಉಳಿದವರೆಲ್ಲ ತಗ್ಗಿನಲ್ಲಿದ್ದರು. ಹಾಗಾಗಿ ನಾನು ಕಾಯ್ತಾನನ ಹತ್ತಿರ ಹೋಗಿ ಮೆಲ್ಲಗೆ ಹೇಳಿದೆ.

“ಮಾಸ್ತರ, ಇಲ್ಲಿ ಪಿಯಾನೋ ಇಳದೈತ್ರಿ.”

ಅವನು ನನ್ನನ್ನು ಒಂದು ಗಳಿಗೆ ನೋಡಿದ. ಆ ನೋಟ ನನಗೆ ಇವತ್ತಿಗೂ ನೆನಪಿದೆ, ಅದರಲ್ಲಿ ಸಿಟ್ಟಿರಲಿಲ್ಲ, ಲೆಕ್ಕಾಚಾರವಿತ್ತು. ಆಮೇಲೆ ಎಲ್ಲರ ಕಡೆ ತಿರುಗಿ ನಾನು ಹೇಳಿದ್ದನ್ನು ಹಿಂದಿಯಲ್ಲಿ ದೊಡ್ಡದಾಗಿ ಹೇಳಿದ. ಹುಬ್ಬಳ್ಳಿಯ ಹುಡುಗಿ ಮುಂಬಯಿಯ ಪಿಯಾನೋ ತಪ್ಪು ಎನ್ನುತ್ತಿದ್ದಾಳೆ. ಡ್ರಮ್ಮಿನವನು ಬಗ್ಗಿ ಬಗ್ಗಿ ನಕ್ಕ. ಸಾಹೇಬನೂ ನಕ್ಕ. ಕಾಯ್ತಾನ ಎಲ್ಲರಿಗಿಂತ ಹೆಚ್ಚು ಹೊತ್ತು ನಕ್ಕ.

ಅಪ್ಪ ಗಾಜಿನ ಹಿಂದಿನಿಂದ ಒಳಗೆ ಬಂದ. ಹುಡುಗಿ ಹೆದರಿದ್ದಾಳೆ, ನಾಳೆ ಹಾಡುತ್ತಾಳೆ, ಒಂದು ದಿನ ಕೊಡಿ ಎಂದು ಕೈ ಮುಗಿದ. ಕಾಯ್ತಾನ ಆ ಮುಗಿದ ಕೈಗಳನ್ನು ನೋಡುತ್ತಲೇ ಕನ್ನಡದಲ್ಲಿ, ನಮಗಿಬ್ಬರಿಗೆ ಮಾತ್ರ ತಿಳಿಯುವಂತೆ, ಹೇಳಿದ.

“ಈಕಿಗೆ ಕಿವೀನ ಇಲ್ಲ. ಹಲಿಗಿ ಬಡಿಯೋ ಮನ್ಯಾಗ ಹುಟ್ಟಿದ ಕಿವಿ ಇದು. ನಾನ ಮೋಸ ಹೋದೆ.”

ಅಪ್ಪನ ಕೈ ಮುಗಿದದ್ದು ಮುಗಿದಂತೆಯೇ ಇತ್ತು. ಇಳಿಸುವುದು ಅವನಿಗೆ ಮರೆತುಹೋಗಿತ್ತು. ನಾನೇ ಹಿಡಿದು ಇಳಿಸಿದೆ.

ಅಲ್ಲಿಗೆ ಮುಗಿಯಲಿಲ್ಲ. ಮರುದಿನ ಮುಂಬಯಿಯ ಹೊಟೇಲೊಂದರಲ್ಲಿ ಹಾಡುತ್ತಿದ್ದ ಇನ್ನೊಬ್ಬಾಕೆಯನ್ನು ಕರೆತಂದರು. ಅವಳಿಗೆ ಕನ್ನಡ ಬಾರದು. ಕನ್ನಡದ ಎರಡು ಹಾಡನ್ನು ಬಾಯಿಪಾಠ ಮಾಡಿಸಲು ನಾನು ಇರಬೇಕಾಯಿತು. ಬಿಟ್ಟು ಬರಬಹುದಿತ್ತಲ್ಲ ಎಂದು ಕೇಳುವವರು ಇದ್ದಾರೆ. ಅಪ್ಪನ ಆ ಕುರ್ಚಿ ಕಾಯ್ತಾನನ ಬ್ಯಾಂಡಿನಲ್ಲಿತ್ತು, ಹೇಗೆ ಬರುವುದು? ನಾನು ಅವಳ ಪಕ್ಕದಲ್ಲಿ ಕೂತು ‘ನಿಂತ ಗಾಡಿಗೆ’ ಎಂಬಲ್ಲಿ ನಾಲಿಗೆ ಎಲ್ಲಿಡಬೇಕೆಂದು ತೋರಿಸಿದೆ. ಅವಳು ಕೆಟ್ಟವಳಲ್ಲ, ತನ್ನ ಬಿಸ್ಕೀಟಿನಲ್ಲಿ ಅರ್ಧ ಮುರಿದು ಕೊಟ್ಟಳು. ಹಾಡುವ ಮೊದಲು ಪ್ರತಿ ಸಲವೂ ಪಿಯಾನೋದವನಿಂದ ಸ್ವರ ಕೇಳಿಸಿಕೊಂಡಳು. ಅದಕ್ಕೆ ಯಾರೂ ನಗಲಿಲ್ಲ.

ನಾವು ಹುಬ್ಬಳ್ಳಿಗೆ ಬಂದಿಳಿದ ದಿನವೇ ಸುದ್ದಿ ಹಬ್ಬಿತು. ಕ್ಲಬ್ಬಿನಲ್ಲಿ ಕಾಯ್ತಾನ ಯಾರು ಕೇಳಿದರೂ ಅದೇ ಮಾತು ಹೇಳಿದ. ಬೇಸೂರು ಗಂಗಾ ಎಂಬ ಹೆಸರು ಕಾಲನಿಯಿಂದ ಹೊರಟು ಧಾರವಾಡದ ಗಾಡಿ ಹತ್ತಿತು. ಉಣಕಲ್ಲಿನ ಬಳಿ ಗಾಡಿ ನಿಂತಾಗಲೆಲ್ಲ ಪಕ್ಕದ ಡಬ್ಬಿಯ ಹುಡುಗರು ಬೇಕೆಂದೇ ಅಪಸ್ವರದಲ್ಲಿ ಗುನುಗುತ್ತಿದ್ದರು. ನಾನು ಭೌತಶಾಸ್ತ್ರದ ಪುಸ್ತಕ ತೆರೆದು ಅದರೊಳಗೆ ಮುಖ ಇಡುತ್ತಿದ್ದೆ.

ಮನೆಯಲ್ಲಿನದು ಇನ್ನೂ ಕೆಟ್ಟದು. ಅಪ್ಪ ನನ್ನ ಕಿವಿಗೆ ಔಷಧ ಹುಡುಕಿದ. ದಿನಾ ಬೆಳಗ್ಗೆ ಕೆಲಸಕ್ಕೆ ಹೋಗುವ ಮೊದಲು ಕ್ಲಾರಿನೆಟ್ ತೆಗೆದು, ನನ್ನನ್ನು ಎದುರಿಗೆ ನಿಲ್ಲಿಸಿ, ಒಂದೊಂದೇ ಸ್ವರ ಊದಿ ನನ್ನಿಂದ ಹಾಡಿಸುತ್ತಿದ್ದ. ನಾನು ಪ್ರತಿಯೊಂದನ್ನೂ ಸರಿಯಾಗಿ ಹಾಡುತ್ತಿದ್ದೆ. ಅಪ್ಪನಿಗೆ ಸಿಟ್ಟು ಬರುತ್ತಿತ್ತು. ಇಲ್ಲಿ ಸರಿ ಹಾಡುವವಳು ಅಲ್ಲಿ ಯಾಕೆ ಕೆಡಿಸಿದೆ ಎಂದು ಒಂದು ದಿನ ಕೆನ್ನೆಗೆ ಹೊಡೆದ. ಅದುವರೆಗೆ ಅವನು ನನ್ನ ಮೇಲೆ ಕೈ ಮಾಡಿದವನಲ್ಲ. ಅವ್ವ ಒಲೆಯ ಮುಂದೆ ಕೂತವಳು ಹೊರಳಿ ನೋಡಲಿಲ್ಲ. ಹೊಡೆದ ಮೇಲೆ ಮತ್ತೆ ಊದಿದ, ನಾನು ಮತ್ತೆ ಹಾಡಿದೆ. ಚಳಿಗಾಲವೆಲ್ಲ ಹೀಗೇ ಹೋಯಿತು.

ಸಂಕ್ರಾಂತಿಯ ಆಚೆ ಪ್ಲೇಟು ಬಂತು. ಕವರಿನ ಮೇಲೆ ಕಾಯ್ತಾನ, ಅವನ ಭುಜಕ್ಕೆ ಒರಗಿ ಆ ಹೊಟೇಲಿನಾಕೆ. ಕ್ಲಬ್ಬಿನಲ್ಲಿ ಅದನ್ನು ಹಚ್ಚಿ ಎಲ್ಲರಿಗೂ ಕೇಳಿಸಿದರು. ಕನ್ನಡದ ಮಾತು ಯಾರದೆಂದು ಎಲ್ಲೂ ಬರೆದಿರಲಿಲ್ಲ. ಅದು ನನಗೆ ಅಷ್ಟು ಚುಚ್ಚಲಿಲ್ಲ. ಚುಚ್ಚಿದ್ದು ಬೇರೆ. ಮೂರನೆಯ ಸಾಲಿಗೆ ಅವನ ಸ್ಯಾಕ್ಸೊಫೋನ್ ಬಂದು ಅವಳ ದನಿಯನ್ನು ಕೂಡಿಕೊಂಡಾಗ ಅದು ಚಂದವಿತ್ತು. ಇಡೀ ಪ್ಲೇಟು ನನ್ನ ಕಿವಿಗೆ ಅರ್ಧ ಮೆಟ್ಟಿಲು ಕೆಳಗೆ ನಿಂತಿತ್ತು, ಆದರೂ ಚಂದವಿತ್ತು. ಎಲ್ಲರಿಗೂ ಸರಿ ಕೇಳುವುದು ನನಗೊಬ್ಬಳಿಗೆ ತಪ್ಪು ಕೇಳುತ್ತಿದೆಯಲ್ಲ, ಹಾಗಾದರೆ ಕಾಯ್ತಾನ ಹೇಳಿದ್ದೇ ಇರಬೇಕು ಎಂದು ಅವತ್ತು ಮೊದಲ ಸಲ ನನಗೇ ಅನಿಸಿತು.

ಮಾಘದ ಕೊನೆಗೆ, ಪರೀಕ್ಷೆಯ ತಯಾರಿಗೆಂದು ಪ್ರಯೋಗಾಲಯದಲ್ಲಿ ಸೊನೋಮೀಟರ್ ಹಿಡಿದು ಕೂತಿದ್ದೆ. ಅದೊಂದು ಉದ್ದನೆಯ ಪೆಟ್ಟಿಗೆ, ಮೇಲೆ ಬಿಗಿದ ತಂತಿ. ತಂತಿಯನ್ನು ಶ್ರುತಿಕವಲಿನ, ಅಂದರೆ ಟ್ಯೂನಿಂಗ್ ಫೋರ್ಕಿನ, ಜೊತೆ ಕೂಡಿಸಿ ಅಳತೆ ತೆಗೆದರೆ ಯಾವ ಸ್ವರಕ್ಕೆ ಸೆಕೆಂಡಿಗೆ ಎಷ್ಟು ಕಂಪನ ಎಂದು ಲೆಕ್ಕ ಹಾಕಬಹುದು. ತಂತಿ ಮೀಟುತ್ತ ಮೀಟುತ್ತ ನಾನು ಸುಮ್ಮನೆ ಬ್ಯಾಂಡಿನವರು ಶ್ರುತಿ ಕೂಡಿಸಿಕೊಳ್ಳುವ ಸ್ವರವನ್ನು, ಅಪ್ಪನ ಕ್ಲಾರಿನೆಟ್ಟಿನ ‘ಲಾ’ವನ್ನು, ಬಾಯಲ್ಲಿ ಹಾಡಿದೆ, ತಂತಿಯನ್ನು ಅದಕ್ಕೆ ಕೂಡಿಸಿದೆ, ಅಳೆದೆ. ವಾದ್ಯದವರು ಲೋಕದ ತುಂಬ ಒಪ್ಪಿಕೊಂಡ ‘ಲಾ’ ಸ್ವರಕ್ಕೆ ನಾಲ್ಕುನೂರ ನಲವತ್ತು ಎಂದು ಪುಸ್ತಕದಲ್ಲಿತ್ತು. ನನ್ನದು ಅದಕ್ಕಿಂತ ಹತ್ತು ಹನ್ನೆರಡು ಹೆಚ್ಚು ಬಂತು. ನನ್ನ ಕಿವಿ ಇಲ್ಲದ ಕಿವಿಯಲ್ಲವೆ, ತಪ್ಪು ಹಾಡಿರಬೇಕು ಎಂದುಕೊಂಡೆ. ಮರುದಿನ ಅಪ್ಪನಿಗೆ ಹೇಳದೆ ಕ್ಲಾರಿನೆಟ್ಟನ್ನೇ ಚೀಲದಲ್ಲಿಟ್ಟು ಒಯ್ದೆ. ಬೆರಳು ಎಲ್ಲಿಡಬೇಕೆಂದು ತೋರಿಸಿ ಗೆಳತಿಯೊಬ್ಬಳಿಂದ ಊದಿಸಿ ಅಳೆದೆ. ಅಷ್ಟೇ ಹೆಚ್ಚು.

ನನ್ನ ಕಿವಿ ತಪ್ಪಿರಲಿಲ್ಲ, ವಾದ್ಯ ತಪ್ಪಿತ್ತು. ಬಿಳಿಯರ ಕಾಲದಲ್ಲಿ ದಂಡಿನ ಪಲ್ಟನ್ನುಗಳ ಬ್ಯಾಂಡುಗಳು ಹೀಗೆ ಏರಿದ ಶ್ರುತಿಯಲ್ಲಿ ನುಡಿಸುತ್ತಿದ್ದವು ಎಂದು ಅದೇ ಪುಸ್ತಕದಲ್ಲಿತ್ತು. ಲೋ‌ಕವೆಲ್ಲ ಅದನ್ನು ಬಿಟ್ಟು ಎಷ್ಟೋ ವರ್ಷವಾದರೂ ನಮ್ಮ ಕ್ಲಬ್ಬಿನಲ್ಲಿ ಮಾತ್ರ ಪಿಯಾನೋವನ್ನೂ ಆ ವಾದ್ಯಗಳಿಗೇ ಹೊಂದಿಸಿಕೊಂಡು ಬಂದಿದ್ದರು. ಕ್ಲಾರಿನೆಟ್ಟಿನ ಮೇಲೆ ಕೊರೆದ ಎಚ್.ಪಿ. ಎಂದರೆ ಹೈ ಪಿಚ್, ಅದೇ ಏರು ಶ್ರುತಿಯ ಗುರುತು. ಮುಂಬಯಿಯಲ್ಲಿ ಪಿಯಾನೋ ಇಳಿದಿದೆ ಎಂದು ನಾನು ಹೇಳಿದ್ದು ನೂರಕ್ಕೆ ನೂರು ಸರಿ ಕೇಳಿಯೇ ಹೇಳಿದ್ದು. ಪ್ರಯೋಗಾಲಯದ ಸ್ಟೂಲಿನ ಮೇಲೆ ಕೂತು ಅತ್ತೆ. ಖುಷಿಯಿಂದಲೇ ಅತ್ತೆ.

ಸಂಜೆ ಅಪ್ಪನಿಗೆ ಎಲ್ಲವನ್ನೂ ಬಿಡಿಸಿ ಹೇಳಿದೆ. ಅವನು ಕ್ಲಾರಿನೆಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಆ ಎರಡು ಅಕ್ಷರಗಳನ್ನು ಹೆಬ್ಬೆರಳಿನಿಂದ ಸವರಿದ. ಆ ಕೊಯ್ದ ಮೌತ್‌ಪೀಸಿನ ವಿಷಯ ನನಗಿಂತ ಮೊದಲು ಅವನಿಗೇ ಹೊಳೆಯಿತು. ಸ್ಯಾಕ್ಸೊಫೋನ್ ಹೊಸ ಶ್ರುತಿಯದು. ಹಳೆಯ ಪಿಯಾನೋದ ಎತ್ತರಕ್ಕೆ ಏರಿಸಲು ಅದನ್ನು ಗಿಡ್ಡ ಮಾಡಬೇಕಿತ್ತು. ಹಾಗಾದರೆ ಮಾಸ್ತರನಿಗೆ ಮೊದಲ ದಿನದಿಂದಲೇ ಗೊತ್ತು. ಅಪ್ಪ ಎದ್ದು ಕೋಟು ಹಾಕಿಕೊಂಡ. ನಾನೂ ಚಪ್ಪಲಿ ಮೆಟ್ಟಿದೆ.

ಕ್ಲಬ್ಬಿನಲ್ಲಿ ತಾಲೀಮು ನಡೆದಿತ್ತು. ಕ್ಲಬ್ಬಿನ ಕಾರ್ಯದರ್ಶಿಯೂ ಇದ್ದರು, ರೈಲ್ವೆಯ ದೊಡ್ಡ ಅಧಿಕಾರಿ. ಅಪ್ಪ ತನ್ನ ಕುರ್ಚಿಯಲ್ಲಿ ಕೂರದೆ ಬ್ಯಾಂಡಿನ ಮುಂದೆ ನಿಂತ.

“ಆ ಉದ್ದನ್ನ ಮೌತ್‌ಪೀಸ್ ಹಾಕ್ರಿ ಮಾಸ್ತರ. ಹಾಕಿ ಈ ಪಿಯಾನೋ ಜೋಡಿ ಒಂದ ಸ್ವರ ಊದ್ರಿ. ಒಂದ ಸಾಕು.”

ಕಾಯ್ತಾನ ಪೆಟ್ಟಿಗೆ ಮುಟ್ಟಲಿಲ್ಲ. ಬ್ಯಾಂಡಿನವರು ಅವನನ್ನೂ ನನ್ನನ್ನೂ ನೋಡಿದರು. ಕಾರ್ಯದರ್ಶಿ ಏನೆಂದು ಕೇಳಿದರು, ನಾನು ಇಂಗ್ಲಿಷಿನಲ್ಲಿ ಹೇಳಿದೆ, ರೊಟ್ಟಿಯ ವಾಸನೆ ಬಂದರೆ ಬರಲಿ ಎಂದು. ನಾನು ಮುಗಿಸುವವರೆಗೆ ಕಾಯ್ತಾನ ಸ್ಯಾಕ್ಸೊಫೋನಿನ ಮೈ ಒರೆಸುತ್ತಿದ್ದ. ನಿಮಗೆ ಗೊತ್ತಿತ್ತೇ ಎಂದು ನೇರವಾಗಿ ಕೇಳಿದೆ.

“ಗೊತ್ತಿತ್ತು,” ಅಂದ. “ಹೇಳಿದ್ರ ಏನಾಗತಿತ್ತು? ಒಡಕ ವಾದ್ಯದ ಬ್ಯಾಂಡಿನ ಮಾಸ್ತರ ಅಂತ ನನ್ನನ್ನೂ ಹೊರಗ ಹಾಕತಿದ್ರು. ನಿನಗ ಇನ್ನೂ ಇಪ್ಪತ್ತ ವರ್ಷ. ಮುಂದ ಹತ್ತ ಪ್ಲೇಟ್ ಮಾಡ್ತಿ. ನನಗ ಅದೊಂದ ಇತ್ತು.”

ಅವನು ತಪ್ಪಾಯಿತು ಎನ್ನಲಿಲ್ಲ. ಕಾರ್ಯದರ್ಶಿಗೆ ನನಗಾದ ಅನ್ಯಾಯ ಪಿಯಾನೋದ ರಿಪೇರಿಯಾಗಿ ಕಂಡಿತು. ಇಷ್ಟು ವರ್ಷ ನಮ್ಮ ಕ್ಲಬ್ಬು ತಪ್ಪು ಶ್ರುತಿಯಲ್ಲಿ ಕುಣಿಯಿತೇ ಎಂದು ಅವರಿಗೆ ನಾಚಿಕೆಯಾಗಿ, ಕೂಡಲೇ ಎಲ್ಲ ಸರಿಯಾಗಬೇಕೆಂದು ಹುಕುಂ ಮಾಡಿದರು. ಆ ಸಂಜೆ ಕಾಲನಿಯ ಬಾಯಿ ಬದಲಾಯಿತು. ಬೇಸೂರು ಎಂದವರೇ ಹುಡುಗಿ ಬಲು ಶಾಣ್ಯಾ ಎಂದರು. ಅವ್ವ ಗೋಧಿ ಹುಗ್ಗಿ ಮಾಡಿದಳು. ಅಪ್ಪ ನಾನು ಮಲಗಿದ್ದೇನೆಂದು ತಿಳಿದು ತಾನು ಹೊಡೆದ ಕೆನ್ನೆಯನ್ನು ಮುಟ್ಟಿ ಹೋದ.

ಪುಣೆಯಿಂದ ಬಂದ ಮನುಷ್ಯ ಬೇಸಿಗೆಯ ಬಿಸಿಲಲ್ಲಿ ಬೆವರುತ್ತ, ಪಿಯಾನೋದ ತಂತಿಗಳನ್ನೆಲ್ಲ ಸಡಿಲಿಸಿ ಕೆಳಗಿಳಿಸಿದ. ಹಳೆಯ ವಾದ್ಯಗಳು ವರ್ಕ್‌ಶಾಪಿನ ಕುಲುಮೆಗೆ ಹೋದವು. ಅಪ್ಪನ ಕ್ಲಾರಿನೆಟ್ಟನ್ನೂ ಕ್ಲಬ್ಬಿನ ಆಸ್ತಿಯೆಂದು ಒಯ್ದರು. ಎರಡು ದಿನ ಅವನು ಕ್ಲಬ್ಬಿನ ಕಡೆ ಹೋಗಲಿಲ್ಲ. ಮೂರನೆಯ ದಿನ ಹೊಸದು ಕೈಗೆ ಬಂತು, ಬೆಳ್ಳಿಯ ಬಣ್ಣದ ಕೀಲಿಗಳದು. ಚಿಕ್ಕ ಹುಡುಗನ ಹಾಗೆ ಅದನ್ನು ಪಕ್ಕದಲ್ಲಿಟ್ಟುಕೊಂಡು ಉಣ್ಣುತ್ತಿದ್ದ. ಒಂದು ವಾರದೊಳಗೆ ಅವನ ಕಿವಿ ಹೊಸ ಶ್ರುತಿಗೆ ಹೊಂದಿಕೊಂಡಿತು. ಬ್ಯಾಂಡಿನ ಉಳಿದವರಿಗೆ ಒಂದು ವಾರವೂ ಬೇಕಾಗಲಿಲ್ಲ.

ಪರೀಕ್ಷೆ ಮುಗಿದ ಮೇಲೆ ಕಾಯ್ತಾನ ನಮ್ಮ ಮನೆಗೆ ಬಂದ. ಅದೇ ಮೊದಲು. ಕಟ್ಟೆಯ ಮೇಲೆ ಕೂತು ಅವ್ವ ಕೊಟ್ಟ ಚಹಾ ಪೂರ್ತಿ ಕುಡಿದ. ಕಂಪನಿಯವರು ಇನ್ನೊಂದು ಪ್ಲೇಟು ಕೇಳಿದ್ದಾರೆ, ಈ ಸಲ ಎಲ್ಲವೂ ಕನ್ನಡ, ನೀನೇ ಹಾಡಬೇಕು, ಇಬ್ಬರ ಮುಖ ಕವರಿನ ಮೇಲೆ ಎಂದ. ಸ್ವಾಭಿಮಾನ ಇರುವವಳು ಬಾಗಿಲು ತೋರಿಸುತ್ತಿದ್ದಳು. ನಾನು ಯಾವಾಗ ಬರಲಿ ಎಂದು ಕೇಳಿದೆ. ಅಷ್ಟು ಬೇಕಿತ್ತು ನನಗೆ ಅದು.

ತಾಲೀಮಿನ ದಿನ ಅಪ್ಪ ಇಸ್ತ್ರಿ ಮಾಡಿದ ಕೋಟು ಹಾಕಿದ್ದ. ನೆಲಕ್ಕೆ ಪುಡಿ ಹಾಕಿದ್ದರು, ಕಿಟಕಿಗಳಿಗೆ ಕಾಲನಿಯ ಹೆಂಗಸರು ಮುಖ ಒತ್ತಿದ್ದರು, ಅವರಲ್ಲಿ ಅವ್ವನೂ ಇದ್ದಳು. ಗಾಡಿಯ ಹಾಡು ಹಾಡು ಎಂದರು. ಎರಡು ಸಾಲು ನಾನೊಬ್ಬಳೇ ಹಾಡಿದೆ. ಮೂರನೆಯ ಸಾಲಿಗೆ ಬ್ಯಾಂಡು ಬಂತು.

ಹಲ್ಲಿಗೆ ಮತ್ತೆ ಅದೇ ಕಲ್ಲು. ಸ್ವರ ಹಿಡಿದು ಕೊಟ್ಟರು, ಹಿಡಿದುಕೊಂಡೆ, ಎರಡನೆಯ ಸಾಲಿಗೆ ಜಾರಿದೆ. ನಿಧಾನ ಮಾಡಿದರು, ಜಾರಿದೆ. ಅಪ್ಪ ನನ್ನ ಪಕ್ಕಕ್ಕೆ ಬಂದು ನಿಂತು ಹೊಸ ಕ್ಲಾರಿನೆಟ್ಟಿನಲ್ಲಿ ನನ್ನ ಜೊತೆಗೆ ಒಂದೊಂದೇ ಸ್ವರ ಊದುತ್ತ ಬಂದ, ಅವನನ್ನು ಬಿಟ್ಟೂ ಮೇಲೆ ಹೋದೆ. ಇಪ್ಪತ್ತು ವರ್ಷ ಕೇಳಿದ್ದು ಕುಲುಮೆಯಲ್ಲಿ ಕರಗಿಹೋಗಿತ್ತು, ನನ್ನೊಳಗೆ ಮಾತ್ರ ಕರಗಲಿಲ್ಲ. ಈಗ ಪಿಯಾನೋ ಸರಿಯಿತ್ತು, ಬ್ಯಾಂಡು ಸರಿಯಿತ್ತು, ಯಾರ ಕಡೆಗೂ ಬೆರಳು ತೋರಿಸುವ ಹಾಗಿರಲಿಲ್ಲ. ಸರಿ ಮಾಡಿಸಿದವಳೇ ನಾನು. ಕಾಯ್ತಾನ ಸ್ಯಾಕ್ಸೊಫೋನನ್ನು ಕೊರಳಿನಿಂದ ತೆಗೆದು ಪೆಟ್ಟಿಗೆಯಲ್ಲಿಟ್ಟ. ಈ ಸಲ ದನಿ ಎತ್ತರಿಸಲಿಲ್ಲ.

“ಅವತ್ತ ನಾ ಸುಳ್ಳ ಹೇಳಿದ್ದೆ, ಗಂಗಾ. ಇವತ್ತ ಸುಳ್ಳ ಹೇಳೂದ ಬೇಕಾಗಿಲ್ಲ.”

ಕಿಟಕಿಯಲ್ಲಿದ್ದ ಹೆಂಗಸರು ಒಬ್ಬೊಬ್ಬರೇ ಸರಿದರು. ಆ ಜೂನಿನಲ್ಲಿ ನಾನು ಬಿ.ಎಸ್ಸಿ. ಪಾಸಾದೆ. ಆಮೇಲೆ ಸರಕಾರಿ ಶಾಲೆಯಲ್ಲಿ ವಿಜ್ಞಾನ ಕಲಿಸುವವಳಾಗಿ ಗದಗಿಗೆ ಹೋದೆ, ಅಲ್ಲಿಂದ ಮತ್ತೆಲ್ಲೆಲ್ಲಿಗೋ. ಪ್ರಾರ್ಥನೆಯ ಹೊತ್ತಿಗೆ ಶಾಲೆಯ ಹಾರ್ಮೋನಿಯಂ ಕೇಳಬಾರದೆಂದು ಪ್ರತಿ ದಿನ ಬೇಕೆಂದೇ ತಡವಾಗಿ ಹೋಗಿ ಹೆಡ್‌ಮಾಸ್ತರರಿಂದ ಬೈಸಿಕೊಂಡಿದ್ದೇನೆ.

ಆದರೆ ಆ ತಾಲೀಮಿನ ಸಂಜೆಯದನ್ನು ಹೇಳಿಬಿಡುತ್ತೇನೆ. ಕ್ಲಬ್ಬಿನಿಂದ ಮನೆಗೆ ಬಂದೆವು. ಉಂಡಾದ ಮೇಲೆ ಅಪ್ಪ ಹೊಸ ಕ್ಲಾರಿನೆಟ್ ಜೋಡಿಸಿದ. ನನಗೆ ಸಮಾಧಾನವಾಗಲೆಂದು ನನ್ನ ಹಾಡಿನ ಮೊದಲ ಎರಡು ಸಾಲನ್ನೇ ಮೆಲ್ಲಗೆ, ಬಹಳ ಜೀವ ಇಟ್ಟು ಊದಿದ. ಒಂದೊಂದು ಸ್ವರವೂ ನನ್ನ ಕಿವಿಯಲ್ಲಿ ತಪ್ಪಾಗಿ ಬೀಳುತ್ತಿತ್ತು. ಅವನ ಮುಖದಲ್ಲಿ ಆ ಹೊಸ ವಾದ್ಯದ ಸಂತೋಷ ಮುಚ್ಚಿಟ್ಟರೂ ಮುಚ್ಚದೆ ಕಾಣುತ್ತಿತ್ತು. ಮುಗಿಸಿ, ಕೀಲಿಗಳನ್ನು ಒರೆಸುತ್ತ ನನ್ನ ಕಡೆ ನೋಡಿದ.

“ಈಗ ಸರಿ ಕೇಳ್ತೈತಿಲ್ಲವಾ?”

“ಸರಿ ಐತಿ ಅಪ್ಪಾ,” ಅಂದೆ. ಅವನು ಇನ್ನೊಮ್ಮೆ ಊದಿದ.